ಕೆಂಪು ದಾರ ಮುಟ್ಟಿದ ಮೊಳೆ

ನಲ್ಲಿಯ ನೀರು ನಿಲ್ಲುವ ಮೊದಲೇ ಬಕೆಟ್ಟುಗಳನ್ನೆಲ್ಲ ತುಂಬಿಸಿ, ಪುಟ್ಟಲಕ್ಷ್ಮಿ ಮಗಳ ತಲೆ ಬಾಚಲು ಕುಳಿತಿದ್ದಳು. ಒಂದು ಜಡೆ ಮುಗಿದಿತ್ತು. ಉಳಿದರ್ಧ ಕೂದಲು ಎಡಗೈಯಲ್ಲಿತ್ತು. ಬಾಚಣಿಗೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡಿದ್ದಳು.

ಅಡುಗೆಮನೆಯ ಹೊಸಿಲ ಪಕ್ಕದಲ್ಲಿ ಗಂಡ ಸತ್ಯಮೂರ್ತಿ ಚಕ್ಕಳಮಕ್ಕಳ ಹಾಕಿಕೊಂಡು ಹೂ ಕಟ್ಟುತ್ತಿದ್ದ. ಮುಂದೆ ಒದ್ದೆ ಬಟ್ಟೆಯ ಮೇಲೆ ಮಾಟುಂಗದಿಂದ ತಂದ ಬಿಡಿ ಕಾಕಡ, ಬಟ್ಟಲು ನೀರಿನಲ್ಲಿ ಬಾಳೆನಾರು. ಶುಕ್ರವಾರ ಈ ಕೆಲಸ ಅವನದೇ. ವಡಾಲದ ಆ ಬಿಲ್ಡಿಂಗಿನಲ್ಲಿ ಹೂ ಕಟ್ಟುವ ಗಂಡಸು ಅವನೊಬ್ಬನೇ ಎಂದು ನೆರೆಯವರು ನಗುತ್ತಿದ್ದರು. ಅವನ ತಾಯಿಗೆ ಹೆಣ್ಣುಮಕ್ಕಳಿರಲಿಲ್ಲ. ಸಂಧಿವಾತದಿಂದ ಆಕೆಯ ಬೆರಳುಗಳು ಸೊಟ್ಟಗಾದಾಗ ಹೂವಿನ ಬುಟ್ಟಿ ಮಗನ ಮಡಿಲಿಗೆ ಬಂದಿತ್ತು.

ನಾರು ಮುಗಿಯಿತು. ಸತ್ಯಮೂರ್ತಿ ಇನ್ನೊಂದು ಎಳೆಯನ್ನು ನೀರಿನಿಂದೆತ್ತಿ ತುದಿಗೆ ತುದಿ ಸೇರಿಸಿ ಹೊಸೆದ, ಗಂಟು ಹಾಕಿದ, ಮಿಕ್ಕ ಬಾಲಗಳನ್ನು ಹಿಂದಕ್ಕೆ ಮಡಚಿ ಗಂಟಿನ ಹೊಟ್ಟೆಯೊಳಗೇ ತೂರಿಸಿದ. ಗಂಟಿದೆಯೆಂದು ಬೆರಳಿಗೆ ಗೊತ್ತಾಗಬೇಕೇ ಹೊರತು ಕಣ್ಣಿಗೆ ಕಾಣುತ್ತಿರಲಿಲ್ಲ. ‘ಗಂಟಿನ ಬಾಲ ಹೊರಗಿದ್ದರೆ ದೇವರಿಗೆ ಚುಚ್ಚುತ್ತೆ ಕಣೋ’ ಎಂದು ಅವನ ತಾಯಿ ಕಲಿಸಿದ್ದರಂತೆ.

“ಅಮ್ಮಾ, ಏಕ್ ಬಾತ್ ಕೇಳ್ಲಾ?” ಎಂದಳು ಅಮ್ಮಣ್ಣಿ. ಒಂಬತ್ತು ವರ್ಷದ ಹುಡುಗಿ. ಮನೆಯ ಕನ್ನಡ, ಸ್ಕೂಲಿನ ಹಿಂದಿ ಎರಡೂ ಅವಳ ಬಾಯಲ್ಲಿ ಕೈಕೈ ಹಿಡಿದುಕೊಂಡೇ ಓಡಾಡುತ್ತಿದ್ದವು.

“ತಲೆ ಅಲ್ಲಾಡಿಸದೆ ಕೇಳು.”

ಹುಡುಗಿ ಅಪ್ಪನ ಕಡೆ ನೋಡಿದಳು. “ಕುಛ್ ನಹೀ.”

ಈ ವಾರವೆಲ್ಲ ಇದೇ ಆಗಿತ್ತು. ಅನ್ನ ಕಲಸುವಾಗ, ಹಾಸಿಗೆ ಹಾಸುವಾಗ ಏನೋ ಕೇಳಲು ಬಾಯಿ ತೆರೆಯುತ್ತಿದ್ದಳು, ಮುಚ್ಚಿಬಿಡುತ್ತಿದ್ದಳು. ಬಲವಂತ ಮಾಡಿದರೆ ಮಾತು ಇನ್ನೂ ಒಳಕ್ಕೆ ಹೋಗುತ್ತದೆಂದು ತಾಯಿ ಸುಮ್ಮನಿದ್ದಳು.

ಬಾಗಿಲು ತಟ್ಟಿದ ಸದ್ದಾಯಿತು. ಎರಡನೇ ಜಡೆ ಅರ್ಧಕ್ಕೇ ನಿಂತಿತು.

ಹೊರಗೆ ಸೇವಂತಿ ನಿಂತಿದ್ದಳು. ಸೀರೆಯ ಅಂಚಿನಿಂದ ಮಳೆನೀರು ಇಳಿದು ಪಡಸಾಲೆಯಲ್ಲಿ ಹರಡುತ್ತಿತ್ತು. ಐದು ದಿನದಿಂದ ಲಾಕಪ್ಪಿನಲ್ಲಿರುವ ಕ್ಯಾಂಟೀನಿನ ಕೊರಗಪ್ಪನ ಹೆಂಡತಿ ಅವಳು.

“ನಾಳೆ ಮತ್ತೆ ಕೋರ್ಟಿಗೆ ಕರ್ಕೊಂಡು ಹೋಗ್ತಾರಂತೆ ಪುಟ್ಟಕ್ಕ. ಈ ಸಲ ಕೊಲೆ ಕೇಸೇ ಅಂತೆ.”

“ಒಳಗೆ ಬಾ ಮೊದಲು.”

“ಬೇಡ, ಪೂರಾ ಒದ್ದೆ ಉಂಟು. ಚಂಪಕ್ಕ ನಮ್ಮ ಊರಿನವರು ಮಾರಾಯ್ರೆ. ನಮ್ಮವರು ಅವರಿಗೆ ದಿನಾ ಎರಡು ನೀರುದೋಸೆ ಜಾಸ್ತಿ ಹಾಕ್ತಿದ್ದರು. ಜಗಳ ಆಡಿದ್ದು ಹೌದು. ಜಗಳ ಆಡದೆ ಆ ಮನುಷ್ಯನಿಗೆ ಚಾ ಸಹ ಇಳಿಯುದಿಲ್ಲ. ಹಾಗಂತ ಹೆಂಗಸನ್ನು ಲಿಫ್ಟಿನ ಗುಂಡಿಗೆ ದೂಡ್ತಾರಾ?”

ಕಳೆದ ಭಾನುವಾರ ಮಧ್ಯಾಹ್ನ ಬೈಕುಲ್ಲಾದ ಶುಭದಾ ಕಂಪನಿಯ ಸರಕಿನ ಲಿಫ್ಟಿನ ಗುಂಡಿಯಲ್ಲಿ ಟೆಲಿಫೋನ್ ಆಪರೇಟರ್ ಚಂಪಾಳ ಹೆಣ ಸಿಕ್ಕಿತ್ತು. ಆಸ್ಪತ್ರೆಗಳ ಫೋನಿಗೆಂದು ಅವಳು ಭಾನುವಾರವೂ ಅರ್ಧ ದಿನ ಬರುತ್ತಿದ್ದಳು. ರಜೆಯ ದಿನ ಕಟ್ಟಡದ ಬೀಗದ ಕೈ ಇರುತ್ತಿದ್ದದ್ದು ಕೊರಗಪ್ಪನ ಹತ್ತಿರ.

“ನೀವು ಆಫೀಸಿನ ಆ ದಾರದ ಗೋಡೆಯಲ್ಲಿ ಏನೋ ನೋಡಿದ್ದೀರಂತೆ. ಪ್ಯಾಕಿಂಗಿನ ಹೆಂಗಸರು ಹೇಳಿದರು. ನೋಡಿದ್ದರೆ ಹೇಳಿ ಅಕ್ಕ. ನನಗೆ ಬೇರೆ ಯಾರುಂಟು ಈ ಊರಲ್ಲಿ?”

ಪುಟ್ಟಲಕ್ಷ್ಮಿ ಅವಳ ತಣ್ಣಗಿನ ಕೈ ಹಿಡಿದುಕೊಂಡಳು. “ಇವತ್ತು ಇನ್‌ಸ್ಪೆಕ್ಟರನ್ನ ಅಲ್ಲಿಗೇ ಕರೆಸಿದ್ದೀನಿ. ಗೊತ್ತಾದದ್ದನ್ನ ಗೊತ್ತಾದ ಹಾಗೇ ಹೇಳ್ತೀನಿ. ಇದು ನನ್ನ ಮಾತು.”

ಒಳಗಿನಿಂದ ಸತ್ಯಮೂರ್ತಿಯ ದನಿ ಬಂತು. “ಪಾಪ, ಅವಳಿಗೆ ಕಾಫಿ ಕೊಡು ಲಕ್ಷ್ಮಿ. ಭಾನುವಾರ ನಾನು ಮಗುವನ್ನ ಕರ್ಕೊಂಡು ಮಾಟುಂಗದ ಲೈಬ್ರರಿಗೆ ಹೋಗಿದ್ದೆ. ಇಲ್ಲದಿದ್ದರೆ ಆಫೀಸಿನ ಕಡೆ ಒಂದು ಸುತ್ತು ಹೋಗಿರ್ತಿದ್ದೆನೋ ಏನೋ.”

ಅಮ್ಮಣ್ಣಿ ಬಿಚ್ಚಿದ ಕೂದಲನ್ನು ತಾನೇ ಹಿಡಿದುಕೊಂಡು ಕೂತಿದ್ದಳು. ಕಣ್ಣು ಅಪ್ಪನ ಬೆರಳುಗಳ ಮೇಲಿತ್ತು.

ಸೇವಂತಿ ಕಾಫಿ ಕುಡಿದು ಹೋದಳು. ಸತ್ಯಮೂರ್ತಿ ಕಂಪನಿಯ ಗಾಜಿನ ಬಾಟಲಿಗಳ ತಪಾಸಣೆಗೆಂದು ಥಾಣೆಯ ಕಾರ್ಖಾನೆಗೆ ಹೊರಟ. ಹೋಗುವ ಮುನ್ನ ಎರಡು ಮೊಳ ಹೂ ದೇವರಿಗೆ ಏರಿಸಿ, ಉಳಿದದ್ದನ್ನು ಮಗಳ ಜಡೆಗೆ ಅವನೇ ಮುಡಿಸಿದ.

*

ಶುಭದಾ ಕಂಪನಿ ಆಸ್ಪತ್ರೆಗಳಿಗೆ ಸಲೈನ್ ಬಾಟಲಿ ತಯಾರಿಸುತ್ತಿತ್ತು. ಮಾರ್ಕೆಟ್ಟಿನ ಹಿಂದಿನ ಹಳೆಯ ಗಿರಣಿ ಗೋದಾಮೇ ಅದರ ಕಟ್ಟಡ. ಹೊರಗೆ ಈರುಳ್ಳಿಯ ಕೊಳೆತ ವಾಸನೆ, ಒಳಗೆ ಸ್ಪಿರಿಟ್ಟಿನ ವಾಸನೆ. ಮಳೆಗಾಲದಲ್ಲಿ ಎರಡೂ ಒಂದಾಗಿ ಸೀರೆಗೆ ಅಂಟಿಕೊಂಡು ಮನೆಯವರೆಗೂ ಬರುತ್ತಿದ್ದವು.

ಆ ವರ್ಷ ಕಂಪನಿಗೆ ಕಂಪ್ಯೂಟರುಗಳು ಬರುವುದಿದ್ದವು. ವಿಭಾಗಕ್ಕೊಂದು, ಎಲ್ಲಕ್ಕೂ ನಡುವೆ ವೈರು. ಒಬ್ಬರು ಬೆರಳೊತ್ತಿ ಬರೆದದ್ದು ಉಳಿದವರ ಪರದೆಯ ಮೇಲೆ ಮೂಡುವ, ಹೊರಗಿನವರು ಯಾರೂ ನೋಡಲಾಗದ ನೋಟೀಸ್ ಬೋರ್ಡು. ಕೆಲಸಗಾರರು ಅದಕ್ಕೆ ‘ಒಳಬೋರ್ಡು’ ಎಂದು ಹೆಸರಿಟ್ಟಿದ್ದರು.

ಅದರಲ್ಲಿ ಏನೇನಿರಬೇಕೆಂದು ಮೇಲಿನವರೇ ಕೂತು ಬರೆದರೆ ಆಗುವುದಿಲ್ಲ ಎಂದವರು ವಿಲೆ ಪಾರ್ಲೆಯ ಕಂಪ್ಯೂಟರಿನವರು. ಮಿಷಿನುಗಳ ನಡುವೆ ವೈರು ಎಳೆಯುವ ಮೊದಲು ಮನುಷ್ಯರ ನಡುವೆ ಯಾವ ದಾರಿಗಳಿವೆಯೋ ತೋರಿಸಿ ಎಂದಿದ್ದರು. ಸಿಬ್ಬಂದಿ ವಿಭಾಗದ ಪುಟ್ಟಲಕ್ಷ್ಮಿಗೆ ಎಲ್ಲರ ಜೊತೆಗೂ ಮಾತಿತ್ತು. ಹಾಗಾಗಿ ಶನಿವಾರ ಮಧ್ಯಾಹ್ನದ ಬೈಠಕ್ಕುಗಳನ್ನು ನಡೆಸುವ ಕೆಲಸ ಅವಳ ಪಾಲಿಗೆ ಬಂತು.

ಪ್ಯಾಕಿಂಗ್ ಹಾಲಿನ ಗೋಡೆಗೆ ಹಲಗೆ ಹೊಡೆಸಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಮೊಳೆ. ನಿಮಗೆ ಯಾವ ಸುದ್ದಿ ಬೇಕು, ಅದನ್ನು ಯಾರನ್ನು ಕೇಳುತ್ತೀರಿ? ಅವರ ಮೊಳೆಗೆ ನಿಮ್ಮ ಮೊಳೆಯಿಂದ ದಾರ ಕಟ್ಟಿ. ದಿನನಿತ್ಯದ್ದಕ್ಕೆ ನೀಲಿ, ತುರ್ತಿನದಕ್ಕೆ ಕೆಂಪು. ಜೋಲು ಬೀಳದ ಹಾಗೆ ಅಳತೆಗೆ ಸರಿಯಾಗಿ ಕತ್ತರಿಸಬೇಕು. ಅವರವರ ದಾರ ಅವರವರೇ ಕಟ್ಟಬೇಕು, ಇನ್ನೊಬ್ಬರದ್ದನ್ನು ಮುಟ್ಟಬಾರದು.

ಮೊದಮೊದಲು ಎಲ್ಲರೂ ನಕ್ಕರು. ಆಮೇಲೆ ಜಗಳವಾಡುವಷ್ಟು ಹಚ್ಚಿಕೊಂಡರು. ನಾಳೆ ಊಟಕ್ಕೆ ಎಷ್ಟು ಜನವೆಂದು ಹಿಂದಿನ ಸಂಜೆಯೇ ಬೋರ್ಡಿನಲ್ಲಿ ಬರಬೇಕು, ಇಲ್ಲದಿದ್ದರೆ ಉದ್ದು ನೆನೆಹಾಕುವುದು ಹೇಗೆ ಎಂದು ಕೊರಗಪ್ಪ ಹಟ ಹಿಡಿದ. ಲಾರಿ ನಂಬರುಗಳು ತನ್ನ ಪರದೆಗೆ ಮಾತ್ರ ಬರಬೇಕೆಂದ ಡಿಸ್‌ಪ್ಯಾಚಿನ ವೆಂಕಟಸುಬ್ಬಯ್ಯನವರನ್ನು ಪ್ಯಾಕಿಂಗಿನ ಹೆಂಗಸರು ಗೇಲಿ ಮಾಡಿ ಕೂರಿಸಿದರು.

ಕಳೆದ ಶನಿವಾರ, ಮೂರನೇ ಬೈಠಕ್ಕಿನ ಹೊತ್ತಿಗೆ ಚಂಪಾಳ ಮೊಳೆಗೆ ಎಷ್ಟು ದಾರ ಸುತ್ತಿಕೊಂಡಿತ್ತೆಂದರೆ ಪಕ್ಕದಲ್ಲಿ ಇನ್ನೊಂದು ಮೊಳೆ ಹೊಡೆಯಬೇಕಾಯಿತು. ಎಲ್ಲರೂ ಎಲ್ಲವನ್ನೂ ಕೇಳುತ್ತಿದ್ದದ್ದು ಅವಳನ್ನೇ.

“ನೀವು ತರುವ ಮಿಷಿನು ನಾನೇ ಅಲ್ವಾ? ನನಗೆ ಗಾಜಿನ ಮುಖ ಇಲ್ಲ, ಅಷ್ಟೇ” ಎಂದು ಚಂಪಾ ನಕ್ಕಿದ್ದಳು. ನಗುನಗುತ್ತಲೇ, ಸುಳ್ಳುಸುದ್ದಿ ಹುಟ್ಟುವುದೆಲ್ಲ ಕ್ಯಾಂಟೀನಿನಲ್ಲಿ, ಅದನ್ನು ಬೋರ್ಡಿಗೆ ಸೇರಿಸಬೇಡಿ ಎಂದು ಕೊರಗಪ್ಪನನ್ನು ಕೆಣಕಿದ್ದಳು. ಅವನು ಸೌಟು ಎತ್ತಿ, “ನಿಮ್ಮ ಬಾಯಿಗೊಂದು ಬೀಗ ಹಾಕದೆ ನಾನು ಬಿಡುದಿಲ್ಲ” ಎಂದಿದ್ದ. ಹಾಲೆಲ್ಲ ನಕ್ಕಿತ್ತು.

ಆ ಮಾತನ್ನೇ ಈಗ ಪೊಲೀಸರು ಬರೆದುಕೊಂಡಿದ್ದರು.

ಚಂಪಾಳ ಕೈಗಳು ಬೈಠಕ್ಕಿನಲ್ಲೂ ಸುಮ್ಮನಿರುತ್ತಿರಲಿಲ್ಲ. ಟೆಲಿಫೋನಿನ ವೈರಿನ ಬಣ್ಣಬಣ್ಣದ ತುಂಡುಗಳನ್ನು ಹೆಣೆದು ಮಕ್ಕಳಿಗೆ ಬಳೆ ಮಾಡುತ್ತಿದ್ದಳು. ಅಂದು ಹೆಣೆಯುತ್ತಿದ್ದದ್ದು ಅಮ್ಮಣ್ಣಿಗೆ. ಕೆಂಪು, ಹಸಿರು ಮುಗಿದಿತ್ತು, ಹಳದಿಯ ಅಂಚು ಬಾಕಿಯಿತ್ತು. “ಸೋಮವಾರ ಕೊಡ್ತೇನೆ ಪುಟ್ಟಕ್ಕ, ಮಗಳಿಗೆ ಹೇಳಿ” ಎಂದು ಅರ್ಧ ಬಳೆಯನ್ನು ಎತ್ತಿ ತೋರಿಸಿದ್ದಳು.

ಸೋಮವಾರ ಬಂತು. ಸ್ವಿಚ್‌ಬೋರ್ಡಿನ ಮುಂದಿನ ಕುರ್ಚಿ ಖಾಲಿಯಿತ್ತು.

*

“ಅಕ್ಕಾರ, ನೀವು ಕರದ್ರಿ ಅಂತ ಬಂದೀನಿ” ಎಂದ ಸಬ್ ಇನ್‌ಸ್ಪೆಕ್ಟರ್ ಭೀಮರಾಯ. ಅಕ್ಕಲಕೋಟೆ ಕಡೆಯವನು. ಕನ್ನಡ ಕೇಳಿದರೆ ಸಾಕು, ಮುಖ ಸ್ವಲ್ಪ ಸಡಿಲವಾಗುತ್ತಿತ್ತು. “ಆದ್ರ ಈ ದಾರದ ಜ್ಯಾಡರ ಬಲಿ ಮುಂದ ನಿಂತು ನಾ ಏನ್ ಮಾಡ್ಲಿ ಹೇಳ್ರಿ.”

ಪ್ಯಾಕಿಂಗ್ ಹಾಲಿನಲ್ಲಿ ಊಟದ ಬಿಡುವು. ಗೋಡೆಯ ಮುಂದೆ ಮೂವರೇ ಇದ್ದರು. ಮೂರನೆಯವರು ವೆಂಕಟಸುಬ್ಬಯ್ಯ. ಮೈಸೂರು ಬಿಟ್ಟು ಎಷ್ಟೋ ವರ್ಷವಾದರೂ ಕರಿಕೋಟು ಬಿಡದ ಮನುಷ್ಯ. ಅವರು ಕೈಕಟ್ಟಿ ನಿಂತಿದ್ದರು.

“ಇವರು ನನ್ನ ಹೆಸರು ಹೇಳೋಕ್ಕೆ ಕರೆಸಿರೋದು ಇನ್‌ಸ್ಪೆಕ್ಟರೇ. ನಮ್ಮ ಊರಿನ ಹೆಣ್ಣುಮಗಳು, ಮನೆ ಹುಡುಗಿ ಹಾಗೆ ಅಂದುಕೊಂಡಿದ್ದೆ.”

“ಹೆಸರು ಹೇಳೋಕ್ಕಲ್ಲ ಸಾರ್, ಕೇಳೋಕ್ಕೆ” ಎಂದಳು ಪುಟ್ಟಲಕ್ಷ್ಮಿ.

ಅವಳು ಗೋಡೆಗೆ ಬೆರಳಿಟ್ಟಳು. ಚಂಪಾಳ ಮೊಳೆಯಿಂದ ಹೊರಟ ಒಂದು ಕೆಂಪು ದಾರ ಅಷ್ಟೂ ನೀಲಿ ದಾರಗಳನ್ನು ದಾಟಿ, ಕಿಟಕಿಯ ಪಕ್ಕದಲ್ಲಿದ್ದ ವೆಂಕಟಸುಬ್ಬಯ್ಯನವರ ಮೊಳೆಯಲ್ಲಿ ಕೊನೆಯಾಗಿತ್ತು. ಚಂಪಾಳ ಮೊಳೆಯ ಕೆಳಗೆ ಅವಳು ಬಾಯಲ್ಲಿ ಹೇಳಿ ಬರೆಸಿದ್ದ ಪ್ರಶ್ನೆ: ಆಸ್ಪತ್ರೆಯಿಂದ ಬಾಟಲಿಯ ದೂರು ಬಂದರೆ ಫೋನು ಮೊದಲು ಯಾರಿಗೆ ಕೊಡುತ್ತೇನೆ?

“ಶನಿವಾರ ಎಲ್ಲರೂ ಚಾಗೆ ಏಳುವಾಗ ಚಂಪಾ ಇದನ್ನ ಕಟ್ಟಿದಳು. ಕೆಂಪು ದಾರ ಕತ್ತರಿಸಿಕೊಂಡದ್ದನ್ನ ನಾವೆಲ್ಲ ನೋಡಿದ್ದೀವಿ. ಯಾವ ಮೊಳೆಗೆ ಕಟ್ಟಿದಳು ಅಂತ ಮಾತ್ರ ಯಾರೂ ನೋಡಲಿಲ್ಲ. ಅಡ್ಡ ನಿಂತಿದ್ದಳು.”

“ಇಲ್ಲೇ ಐತಲ್ರಿ. ಇವರ ಮೊಳೀಗೆ.”

“ಚಂಪಾ ಅಳತೆಗೆ ಸರಿಯಾಗಿ ಕತ್ತರಿಸಿದ್ದಳು. ಅವಳ ದಾರದಲ್ಲಿ ಸೇರಿಕೆ ಇರೋಕ್ಕೆ ಸಾಧ್ಯ ಇಲ್ಲ. ಇದನ್ನ ನೋಡಿ.”

ದಾರದ ನಡುವೆ ಒಂದು ಚಿಕ್ಕ ಉಬ್ಬು. ಭೀಮರಾಯ ಕಣ್ಣು ಕಿರಿದು ಮಾಡಿ ನೋಡಿದ, ಕಾಣಲಿಲ್ಲ. ಬೆರಳಾಡಿಸಿದಾಗ ಸಿಕ್ಕಿತು.

“ಅಂದ್ರ ಹತ್ತಿರದ ಮೊಳಿಯಿಂದ ಬಿಚ್ಚಿ, ತುಂಡು ಸೇರಿಸಿ, ದೂರ ತಂದು ಕಟ್ಟ್ಯಾರ. ಕಿತ್ತ ಒಗದಿದ್ರ ಮುಗೀತಿತ್ತಲ್ಲ?”

“ದಾರವೇ ಇಲ್ಲದಿದ್ದರೆ, ಚಂಪಾ ಕಟ್ಟಿದ್ದು ಎಲ್ಲಿ ಅಂತ ಮರುದಿನ ಯಾರಾದರೂ ಕೇಳ್ತಿದ್ದರು. ದಾರ ಇದ್ದರೆ ಯಾರು ಕೇಳ್ತಾರೆ? ನಾನೇ ಮೊನ್ನೆಯವರೆಗೂ ಕೇಳಲಿಲ್ಲ.”

ವೆಂಕಟಸುಬ್ಬಯ್ಯನವರ ಕಿವಿ ಕೆಂಪಾಗಿತ್ತು. “ಈಗ ನೇರವಾಗಿ ಕೇಳಮ್ಮ. ಸುತ್ತು ಬಳಸು ಬೇಡ.”

“ದೂರಿನ ಫೋನು ನಿಮಗೆ ಬರ್ತಿತ್ತಾ ಸಾರ್?”

“ಒಂದೂ ಬಂದಿಲ್ಲ. ಲಾರಿ ಯಾಕೆ ತಡ ಅಂತ ಬೈಯ್ಯೋರು ನನಗೆ ಫೋನ್ ಮಾಡ್ತಾರೆ. ಬಾಟಲಿ ಒಳಗೆ ಏನಿದೆ ಅಂತ ನನ್ನನ್ನ ಯಾಕೆ ಕೇಳ್ತಾರೆ? ನಾನು ಡಬ್ಬ ಎತ್ತೋನು, ಡಬ್ಬ ತೆಗೆಯೋನಲ್ಲ.”

“ಭಾನುವಾರ ಮಧ್ಯಾಹ್ನ ಎಲ್ಲಿದ್ದಿರಿ?”

“ಚೆಂಬೂರಿನಲ್ಲಿ. ಮೊಮ್ಮಗಳ ನಾಮಕರಣ. ನಿನ್ನನ್ನೂ ಕರೆದಿದ್ದೆ. ತಲೆನೋವು ಅಂತ ಬರಲಿಲ್ಲ ನೀನು.” ಅವರ ದನಿ ಒಂದು ಕ್ಷಣ ಕುಸಿಯಿತು. “ನಾನೇ ಕಟ್ಟಿದ್ದರೆ ನನ್ನ ಮೊಳೆಗೇ ಕಟ್ಟಿಕೊಳ್ತಿದ್ದೆನೇನಮ್ಮ? ಅಷ್ಟೂ ಬುದ್ಧಿ ಇಲ್ಲವಾ ನನಗೆ? ಯಾರೋ ನನ್ನ ತಲೆಗೆ ತಂದು ಕಟ್ಟಿದ್ದಾರೆ.”

ಅದು ನಿಜವೆಂದು ಅವಳಿಗೆ ಅನಿಸಿತು. ನಾಚಿಕೆಯೂ ಆಯಿತು.

“ಹಾಗಾದರೆ ಒಂದೇ ದಾರಿ” ಎಂದಳು. “ಸೇರಿಸಿದ ತುಂಡನ್ನ ಬಿಟ್ಟು, ಚಂಪಾಳ ದಾರ ಎಷ್ಟಿದೆಯೋ ಅಷ್ಟನ್ನೇ ಹಿಡಿದು ಗೋಡೆಯ ಮೇಲೆ ತಿರುಗಿಸೋಣ. ಅಳತೆಗೆ ಸರಿಯಾಗಿ ಯಾವ ಮೊಳೆಗೆ ಮುಟ್ಟುತ್ತೋ ಅದೇ ಅವಳು ಕಟ್ಟಿದ ಮೊಳೆ.”

ಭೀಮರಾಯ ಮೊದಲ ಬಾರಿಗೆ ನಕ್ಕ. “ನಮ್ಮ ಖಾತೆಗೆ ಬರ್ರಿ ಅಕ್ಕಾರ, ಪಗಾರ ಕಡಿಮಿ ಐತಿ ಅಷ್ಟ. ತಿರಗಸ್ರಿ ನೋಡೋಣು.”

ಅಷ್ಟರಲ್ಲಿ ಪ್ಯೂನ್ ಚೆನ್ನಯ ಓಡಿ ಬಂದ. ಠಾಣೆಯಿಂದ ಸಾಹೇಬರಿಗೆ ಫೋನು. ಆಪರೇಟರ್ ಇಲ್ಲದ ಸ್ವಿಚ್‌ಬೋರ್ಡು ಕೆಳಗಿನಿಂದ ಅರಚುತ್ತಲೇ ಇತ್ತು. ಭೀಮರಾಯ ಗೊಣಗುತ್ತ ಮೆಟ್ಟಿಲಿಳಿದ.

ಪುಟ್ಟಲಕ್ಷ್ಮಿ ಕಿಟಕಿಯ ಪಕ್ಕದ ಮೊಳೆಯಿಂದ ದಾರ ಬಿಚ್ಚಿದಳು. ಗಂಟನ್ನು ಬೆರಳ ನಡುವೆ ಹಿಡಿದು, ದಾರವನ್ನು ಬಿಗಿಯಾಗಿ ಎಳೆದು ತಿರುಗಿಸತೊಡಗಿದಳು. ಅಕೌಂಟ್ಸಿನ ಮೊಳೆ, ದಾರ ಸಾಲಲಿಲ್ಲ. ಖರೀದಿ ವಿಭಾಗ, ಅಲ್ಲಿಗೂ ಸಾಲಲಿಲ್ಲ. ಕ್ಯಾಂಟೀನು ತೀರ ಹತ್ತಿರ, ದಾರ ಜೋಲು ಬಿತ್ತು. ಅಬ್ಬ, ಕೊರಗಪ್ಪನಲ್ಲ ಎಂದುಕೊಂಡಳು. ಕೈ ಇನ್ನೂ ಕೆಳಗಿಳಿಯಿತು.

ಒಂದು ಮೊಳೆಯ ತಲೆಯ ಮೇಲೆ ಗಂಟು ಹೋಗಿ ಸರಿಯಾಗಿ ಕೂತಿತು.

ಕೂತಿದ್ದಷ್ಟೇ ಅಲ್ಲ. ಗಂಟಿನ ಪಕ್ಕದಲ್ಲಿ ದಾರಕ್ಕೆ ಹಿಂದೆ ಸುತ್ತಿದ್ದ ಮಡಿಕೆ ಬಿದ್ದಿತ್ತು. ಆ ಮಡಿಕೆ ತಾನಾಗಿಯೇ ಮೊಳೆಯನ್ನು ಅಪ್ಪಿಕೊಂಡಿತು. ಮೊಳೆಯ ಬುಡದಲ್ಲಿ ಕೆಂಪು ನೂಲಿನ ಒಂದು ಎಳೆ ಆಗಲೇ ಸಿಕ್ಕಿಕೊಂಡಿತ್ತು.

ಹಲಗೆಯಲ್ಲಿ ಕೆಂಪು ದಾರವೇ ಇಲ್ಲದ ಮೊಳೆ ಅದೊಂದೇ. ಮೊದಲ ಬೈಠಕ್ಕಿನಲ್ಲಿ ಎಲ್ಲರ ಎದುರು, “ದೂರು ಬಂದರಲ್ಲವೇ ತುರ್ತು? ನಮಗೆ ದೂರು ಬರುವುದಿಲ್ಲ” ಎಂದು ಅದರ ಒಡೆಯ ಹೇಳಿದ್ದ. ಆ ದಿನ ಅವಳಿಗೆ ಎಷ್ಟು ಹೆಮ್ಮೆಯಾಗಿತ್ತು.

ಪರೀಕ್ಷಾ ವಿಭಾಗ. ಸತ್ಯಮೂರ್ತಿ.

ಪುಟ್ಟಲಕ್ಷ್ಮಿ ಕೈ ತೆಗೆಯಲಿಲ್ಲ. ತಪ್ಪಿರಬಹುದು. ದಾರ ಒದ್ದೆ ಹವೆಗೆ ಕುಗ್ಗಿರಬಹುದು, ಹಲಗೆ ಉಬ್ಬಿರಬಹುದು. ಮನಸ್ಸು ಒಂದೊಂದೇ ನೆಪ ತಂದು ಮುಂದಿಡುತ್ತಿತ್ತು, ಬೆರಳು ಮಾತ್ರ ಗಂಟನ್ನು ಸವರುತ್ತಿತ್ತು. ಬಾಲ ಎಲ್ಲಿ? ಯಾರೇ ದಾರಕ್ಕೆ ದಾರ ಸೇರಿಸಿದರೂ ಎರಡು ತುದಿ ಹೊರಗೆ ಉಳಿಯಬೇಕು. ಈ ಗಂಟಿಗೆ ಬಾಲವೇ ಇರಲಿಲ್ಲ. ಎರಡೂ ತುದಿಗಳು ಹಿಂದಕ್ಕೆ ಮಡಚಿ ಗಂಟಿನ ಹೊಟ್ಟೆಯೊಳಗೆ ಹೋಗಿದ್ದವು.

ದೇವರಿಗೆ ಚುಚ್ಚಬಾರದೆಂದು.

ಹಿಂದೆ ಕೋಟಿನ ಸರಬರ ಕೇಳಿಸಿತು. ವೆಂಕಟಸುಬ್ಬಯ್ಯ ಪಕ್ಕಕ್ಕೆ ಬಂದು ಮೊಳೆಯ ಮೇಲಿನ ಹೆಸರನ್ನು ಓದಿದರು. ಅವಳ ಮುಖ ನೋಡಲಿಲ್ಲ.

“ಇನ್ನೊಂದು ಸಲ ತಿರುಗಿಸಿ ನೋಡಮ್ಮ.”

“ಬೇಡ ಸಾರ್.”

“ನಾನು ಈಗಲೇ ಕೂಗಿ ಹೇಳಬಹುದು. ಹತ್ತು ನಿಮಿಷದ ಹಿಂದೆ ನೀನು ನನ್ನನ್ನ ನಿಲ್ಲಿಸಿದ್ದೆಯಲ್ಲ, ಹಾಗೆ.” ಅವರು ಕನ್ನಡಕ ತೆಗೆದು ಕೋಟಿನ ಅಂಚಿಗೆ ಒರೆಸಿದರು. “ಹೇಳಲ್ಲ. ಹೇಳೋದಾದರೆ ನೀನೇ ಹೇಳು. ಆದರೆ ಆ ಕ್ಯಾಂಟೀನಿನವನ ಹೆಂಡತಿ ಬೆಳಿಗ್ಗೆಯಿಂದ ಗೇಟಿನ ಹತ್ತಿರ ನಿಂತಿದ್ದಾಳೆ ಕಣಮ್ಮ. ನೀನು ಕೆಳಗಿಳಿದು ಹೋಗಬೇಕಾದ್ದು ಅದೇ ಗೇಟಿನಿಂದ.”

ಮೆಟ್ಟಿಲ ಮೇಲೆ ಬೂಟಿನ ಸದ್ದಾಯಿತು. ಪುಟ್ಟಲಕ್ಷ್ಮಿ ಯೋಚಿಸಲಿಲ್ಲ. ಚಂಪಾಳ ಮೊಳೆಯ ಕಡೆಯಿಂದಲೂ ದಾರ ಬಿಚ್ಚಿ ಮುಷ್ಟಿಯೊಳಗೆ ಸುತ್ತಿಕೊಂಡಳು.

“ಹತ್ತೇನ್ರಿ ಯಾವದಕ್ಕರ?” ಎಂದ ಭೀಮರಾಯ.

“ದಾರ ಕೈತಪ್ಪಿತು. ನಾಳೆ ಬೆಳಿಗ್ಗೆ ನಾನೇ ಠಾಣೆಗೆ ತಂದು ತೋರಿಸ್ತೀನಿ.”

ಅವನು ಅವಳ ಮುಷ್ಟಿಯನ್ನು ನೋಡಿದ. ಆಮೇಲೆ ವೆಂಕಟಸುಬ್ಬಯ್ಯನವರನ್ನು ನೋಡಿದ. ಅವರು ಕಿಟಕಿಯಾಚೆಯ ಮಳೆಯನ್ನು ನೋಡುತ್ತಿದ್ದರು.

“ಅದು ಪೊಲೀಸರ ಮಾಲು ಅಕ್ಕಾರ. ಕಸಗೊಂಡ ಹೋಗಬಹುದು ನಾ. ನಿಮ್ಮ ಮ್ಯಾಲೆ ವಿಶ್ವಾಸ ಇಟ್ಟು ಬಿಡ್ತೀನಿ.” ಟೊಪ್ಪಿಗೆ ಹಾಕಿಕೊಂಡ. “ಆದ್ರ ಹನ್ನೊಂದಕ್ಕ ಕೋರ್ಟ್ ಐತಿ. ಅದಕಿಂತ ಮೊದ್ಲ ನೀವು ಬರಲಿಲ್ಲಂದ್ರ, ಕೊರಗಪ್ಪ ಅಂಬೋ ಹೆಸರ ಕಾಗದಕ್ಕ ಹತ್ತತೈತಿ. ಒಮ್ಮಿ ಹತ್ತಿದ್ದು ಲಗೂನ ಇಳಿಯಂಗಿಲ್ಲ.”

ಸೇವಂತಿ ಗೇಟಿನಲ್ಲೇ ಇದ್ದಳು. ಪುಟ್ಟಲಕ್ಷ್ಮಿಯ ಮುಖ ನೋಡಿ, “ನಿಮಗೆ ಹುಷಾರಿಲ್ವಾ ಅಕ್ಕ? ಬಸ್ ಸ್ಟಾಪಿನವರೆಗೆ ಕೊಡೆ ಹಿಡಿಯಲಾ?” ಎಂದಳು. ಹಿಡಿದುಕೊಂಡೇ ನಡೆದಳು ಕೂಡ. ಸ್ಟಾಪಿನವರೆಗೂ ಪುಟ್ಟಲಕ್ಷ್ಮಿಯ ಮುಚ್ಚಿದ ಮುಷ್ಟಿ ಅವಳ ತೋಳಿಗೆ ತಾಗುತ್ತಲೇ ಇತ್ತು.

*

ಸಂಜೆಗೆ ಮೊದಲೇ ಮನೆಯಲ್ಲಿ ದೀಪ ಹಾಕಬೇಕಾಯಿತು. ಅಷ್ಟು ಕವಿದಿತ್ತು ಮೋಡ. ಅಮ್ಮಣ್ಣಿ ಸ್ಕೂಲಿನಿಂದ ಬಂದು, ಪಕ್ಕದ ಮನೆಯ ದೇವಕ್ಕನ ಹತ್ತಿರ ಚಪಾತಿ ತಿಂದು, ಬಾಗಿಲಲ್ಲಿ ಕಾಯುತ್ತಿದ್ದಳು.

“ಬಾ, ಜಡೆ ಬಿಚ್ಚುತ್ತೀನಿ” ಎಂದಳು ತಾಯಿ. ದನಿ ಎಂದಿನಂತೆಯೇ ಇತ್ತು. ಅದು ಹೇಗೆ ಸಾಧ್ಯವಾಯಿತೋ ಅವಳಿಗೇ ತಿಳಿಯಲಿಲ್ಲ.

ಹುಡುಗಿ ಬೆನ್ನು ಕೊಟ್ಟು ಕೂತಳು. ಪುಟ್ಟಲಕ್ಷ್ಮಿ ಬಾಡಿದ ಕಾಕಡದ ದಂಡೆಯನ್ನು ಜಡೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡಳು. ಒಂದೊಂದೇ ಹೂ ಉದುರಿಸಿದಳು. ಬರಿಯ ನಾರು ಉಳಿಯಿತು. ಅದರ ಮೇಲೆ ಬೆರಳಾಡಿಸುತ್ತ ಹೋದಳು. ಸೇರಿಕೆ ಸಿಕ್ಕಿತು. ಬ್ಲೌಸಿನೊಳಗಿಂದ ಕೆಂಪು ದಾರ ತೆಗೆದು, ಅದರ ಗಂಟನ್ನು ಈ ಗಂಟಿನ ಪಕ್ಕದಲ್ಲಿಟ್ಟಳು.

ಒಂದೇ ತಾಯಿಯ ಎರಡು ಮಕ್ಕಳಂತಿದ್ದವು.

ಬೆಳಿಗ್ಗೆ ಈ ಹೂ ಕಟ್ಟಿದ ಕೈ. ರಾತ್ರಿ ಅವಳಿಗೆ ತಲೆನೋವೆಂದರೆ ಹಣೆ ಒತ್ತುವ ಕೈ. ಸೇವಂತಿಗೆ ಕಾಫಿ ಕೊಡೆಂದವನ ಕೈ. ಆಸ್ಪತ್ರೆಗಳ ದೂರುಗಳನ್ನೆಲ್ಲ ಕೇಳಿಸಿಕೊಂಡು ಮುಚ್ಚಿಟ್ಟವನ ಕೈ. ನಾಳೆ ಹನ್ನೊಂದಕ್ಕೆ ಕೋರ್ಟು. ದಾರ ಒಲೆಗೆ ಹೋದರೆ ಕೊರಗಪ್ಪ ಒಳಗೆ ಹೋಗುತ್ತಾನೆ. ಠಾಣೆಗೆ ಹೋದರೆ ಈ ಹುಡುಗಿಯ ಅಪ್ಪ ಹೋಗುತ್ತಾನೆ. ಗೊತ್ತಾದದ್ದನ್ನು ಗೊತ್ತಾದ ಹಾಗೇ ಹೇಳುತ್ತೇನೆಂದು ಬೆಳಿಗ್ಗೆ ಇದೇ ಬಾಗಿಲಲ್ಲಿ ನಿಂತು ಹೇಳಿದ್ದಳು.

ಒಂದೇ ಆಸರೆ ಉಳಿದಿತ್ತು. ಗಂಟು ಅವನದಿರಬಹುದು, ಸೋಮವಾರ ಬೆಳಿಗ್ಗೆ ಬೇಗ ಹೋಗಿ ಹಾಕಿರಬಹುದು. ಭಾನುವಾರವಂತೂ ಅವನು ಮಗಳ ಜೊತೆ ಮಾಟುಂಗದಲ್ಲಿದ್ದ. ಚಂಪಾ ಬಿದ್ದಾಗ ಅವನು ಅಲ್ಲಿರಲಿಲ್ಲ.

“ಅಮ್ಮಣ್ಣಿ, ಭಾನುವಾರ ಲೈಬ್ರರೀಲಿ ಏನೇನು ಓದಿದೆ ನೀನು?”

ಮಗಳ ಬೆನ್ನು ಬಿಗಿಯಾಯಿತು.

“ಚಿತ್ರದ ಪುಸ್ತಕ.”

“ಅಪ್ಪ ಏನು ಓದಿದರು?”

ಹುಡುಗಿ ಎದ್ದು ಹೋಗಿ ಸ್ಕೂಲ್ ಬ್ಯಾಗಿನಿಂದ ಕಂಪಾಸ್ ಪೆಟ್ಟಿಗೆ ತಂದಳು. ಮುಚ್ಚಳ ತೆಗೆದಳು.

ಒಳಗೆ ವೈರಿನ ಬಳೆಯಿತ್ತು. ಕೆಂಪು, ಹಸಿರು. ಅಂಚಿಗೆ ಸುತ್ತಲೂ ಹಳದಿ. ಹೆಣಿಗೆ ಪೂರ್ತಿ ಮುಗಿದಿತ್ತು.

“ಯಾರು ಕೊಟ್ಟರು ಇದನ್ನ?”

“ಅಪ್ಪ. ಸಂಡೇನೇ. ಚಂಪಾ ಆಂಟಿ ಕೊಟ್ರು ಅಂದ. ಅಮ್ಮ ಬೈತಾಳೆ, ಅಭೀ ಮತ್ ದಿಖಾನಾ, ತೋರಿಸ್ಬೇಡ ಅಂದ.” ಹುಡುಗಿ ಮೂಗು ಒರೆಸಿಕೊಂಡಳು. “ಲೈಬ್ರರೀಲಿ ನನ್ನ ಕೂರಿಸಿ ಹೋದ. ಬಹುತ್ ದೇರ್ ಆಯ್ತು ಅಮ್ಮ. ಲೈಬ್ರರಿ ಅಂಕಲ್ ಬೀಗ ಹಾಕೋಕ್ಕೆ ಬಂದ್ರು, ಆಮೇಲೆ ಬಂದ. ಶರ್ಟೆಲ್ಲ ಒದ್ದೆ.”

ಪುಟ್ಟಲಕ್ಷ್ಮಿ ಬಳೆಯನ್ನು ಎತ್ತಿಕೊಂಡಳು. ಶನಿವಾರ ಸಂಜೆ ಹಳದಿ ಇರಲಿಲ್ಲ. ಭಾನುವಾರ ಮಧ್ಯಾಹ್ನಕ್ಕೆ ಚಂಪಾ ಇರಲಿಲ್ಲ. ನಡುವಿನ ಆ ಬೆಳಿಗ್ಗೆ ಯಾವಾಗಲೋ ಅವಳು ಅಂಚು ಮುಗಿಸಿ, ಎದುರು ನಿಂತವನ ಕೈಗೆ ನಗುತ್ತ ಕೊಟ್ಟಿದ್ದಳು.

ಬಾಗಿಲ ಚಿಲಕ ಸರಿಯಿತು. ಸತ್ಯಮೂರ್ತಿ ಕೊಡೆ ಮಡಚಿ ಗೋ‌ಡೆಗೆ ಒರಗಿಸಿದ. ಕೈಯಲ್ಲಿ ಎಲೆಯ ಪೊಟ್ಟಣವಿತ್ತು.

“ಥಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಒಳ್ಳೆ ಮಲ್ಲಿಗೆ ಸಿಕ್ಕಿತು ಲಕ್ಷ್ಮಿ. ನಾರು ನೆನೆಹಾಕು, ಈಗಲೇ ಕಟ್ಟಿಬಿಡ್ತೀನಿ.”

ಅವನ ಕಣ್ಣು ಹೆಂಡತಿಯ ಮಡಿಲಿಗೆ ಬಿತ್ತು. ಉದುರಿದ ಹೂ, ಬರಿಯ ನಾರು, ಪಕ್ಕದಲ್ಲಿ ಕೆಂಪು ದಾರ. ಮಗಳ ಕಂಪಾಸ್ ಪೆಟ್ಟಿಗೆ ತೆರೆದಿತ್ತು. ಪೊಟ್ಟಣ ಹಿಡಿದ ಕೈ ಹಾಗೇ ನಿಂತಿತು.

ಪುಟ್ಟಲಕ್ಷ್ಮಿ ಬಳೆಯನ್ನು ಅವನಿಗೆ ಕಾಣುವಂತೆ ದಾರದ ಪಕ್ಕದಲ್ಲಿಟ್ಟಳು.

ಅಮ್ಮಣ್ಣಿ ಇಬ್ಬರನ್ನೂ ನೋಡಿದಳು. ಬಿಚ್ಚಿದ ಅರ್ಧ ಜಡೆ ಹೆಗಲ ಮೇಲೆ ಚೆಲ್ಲಿತ್ತು. ವಾರವೆಲ್ಲ ಬಾಯಿಗೆ ಬಂದು ಹಿಂದೆ ಹೋಗುತ್ತಿದ್ದದ್ದನ್ನು ಅವಳು ಈಗ ಹಿಂದಿಯ ಕಡೆಗೆ ಒಮ್ಮೆಯೂ ಜಾರದೆ, ಅಪ್ಪನಿಗೆ ಸರಿಯಾಗಿ ಅರ್ಥವಾಗಲೆಂದು ಪೂರಾ ಕನ್ನಡದಲ್ಲೇ ಕೇಳಿದಳು.

“ಅಪ್ಪಾ, ಬಳೆ ಕೊಡುವಾಗ ಚಂಪಾ ಆಂಟಿ ನಿನ್ನ ಹತ್ರಾನೇ ಇದ್ದರಲ್ಲ, ಬೀಳುವಾಗ ನೀನು ಯಾಕೆ ಕೈ ಹಿಡಿಯಲಿಲ್ಲ?”